ಆ್ಯಂಟಿಬಯೋಟಿಕ್: ಲೆಕ್ಕ ತಪ್ಪಿದರೆ ನಷ್ಟ ನಮ್ಮೊಬ್ಬರದ್ದಲ್ಲ

ಭಾಲ್ಕಿಯ ಬಜಾರಿನಲ್ಲಿ ಮೆಡಿಕಲ್ ಅಂಗಡಿ ಮುಂದೆ ಸಂಜೆ ಸ್ವಲ್ಪ ಹೊತ್ತು ನಿಂತರೆ ಒಂದೇ ಮಾತು ಎರಡು ಭಾಷೆಗಳಲ್ಲಿ ಕೇಳಿಸುತ್ತದೆ. "ಜ್ವರದ ಗುಳಗಿ ನಾಲ್ಕು ಕೊಡ್ರಿ" ಎನ್ನುತ್ತಾರೆ ಒಬ್ಬರು. "ಬುಖಾರ್ ಕಿ ಗೋಲಿಯಾಂ ದೇವೋ ಭಾಯ್, ದೋ ದಿನ್ ಕಿ" ಎನ್ನುತ್ತಾರೆ ಇನ್ನೊಬ್ಬರು. ಕೈಯಲ್ಲಿ ಡಾಕ್ಟರ ಚೀಟಿ ಇಲ್ಲ. ಇದ್ದರೂ ಐದು ದಿನದ್ದು ಬರೆದಿದ್ದರೆ ಎರಡು ದಿನದ್ದು ಸಾಕು ಎನ್ನುವವರಿದ್ದಾರೆ. ನಮ್ಮ ಕರಾವಳಿಯಲ್ಲಿ ಹೀಗಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ಬ್ಯಾರಿ ಮನೆಗಳ ಕಪಾಟಿನಲ್ಲಿರುವ ಬಿಸ್ಕತ್ ಡಬ್ಬಿ ತೆರೆದು ನೋಡಿ. ಅರ್ಧ ಮುಗಿದ ಮಾತ್ರೆಯ ಸ್ಟ್ರಿಪ್, ತಳದಲ್ಲಿ ಔಷಧಿ ಉಳಿದ ಮಕ್ಕಳ ಬಾಟ್ಲಿ, ಹೆಸರು ಹರಿದುಹೋದ ಕ್ಯಾಪ್ಸೂಲ್ ಅದರಲ್ಲಿ ಇರುತ್ತವೆ. ಬಿಸಾಡಲು ಮನಸ್ಸಿಲ್ಲ, ಇನ್ನೊಮ್ಮೆ ಜ್ವರ ಬಂದಾಗ ಬೇಕಾಗಬಹುದು ಎಂದು ಇಟ್ಟಿರುತ್ತೇವೆ.

ತಲೆನೋವಿನ ಮಾತ್ರೆ ಉಳಿದರೆ ಅದು ಅಷ್ಟು ದೊಡ್ಡ ವಿಷಯವಲ್ಲ. ಆದರೆ ಉಳಿದದ್ದು ಆ್ಯಂಟಿಬಯೋಟಿಕ್ ಆಗಿದ್ದರೆ ವಿಷಯ ಬೇರೆ. ಬೇರೆ ಔಷಧಿಯನ್ನು ತಪ್ಪಾಗಿ ತಿಂದರೆ ಕಷ್ಟ ತಿಂದವನಿಗೆ. ಆ್ಯಂಟಿಬಯೋಟಿಕನ್ನು ತಪ್ಪಾಗಿ ತಿಂದರೆ ಅದರ ಕಷ್ಟ ಪಕ್ಕದಲ್ಲಿ ಮಲಗಿದ ಮಗುವಿಗೆ, ವಯಸ್ಸಾದ ಉಮ್ಮನಿಗೆ, ಮಸೀದಿಯ ಸಫ್ಫಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವನಿಗೂ ತಲುಪಬಹುದು. ಆದುದರಿಂದ ಇದನ್ನು ಬರೇ ಆರೋಗ್ಯದ ವಿಷಯ ಎಂದು ಬಿಡಲಾಗದು. ಇದು ಹಕ್ಕಿನ ವಿಷಯವೂ ಹೌದು.

ಫ್ಲೆಮಿಂಗ್ ಹೇಳಿದ ಎಚ್ಚರಿಕೆ

ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳನ್ನು ಮಾತ್ರ. ವೈರಸ್ ಮೇಲೆ ಅದರ ಆಟ ನಡೆಯುವುದಿಲ್ಲ. ಶೀತ, ಫ್ಲೂ, ಡೆಂಗಿ, ಚಿಕುನ್‌ಗುನ್ಯಾ ಎಲ್ಲವೂ ವೈರಸ್‌ನಿಂದ ಬರುವಂಥವು. ಗಂಟಲು ನೋವು, ಕೆಮ್ಮುಗಳಲ್ಲೂ ಹೆಚ್ಚಿನವು ಹಾಗೆಯೇ. ಇಂಥ ಜ್ವರಕ್ಕೆ ಆ್ಯಂಟಿಬಯೋಟಿಕ್ ತಿಂದು ಮೂರು ದಿನದಲ್ಲಿ ಗುಣವಾದರೆ ಅದು ಮಾತ್ರೆಯಿಂದಲ್ಲ, ಜ್ವರ ತಾನಾಗಿಯೇ ಇಳಿಯುವ ಹೊತ್ತಾಗಿತ್ತು ಅಷ್ಟೇ. ನಾವು ಮಾತ್ರೆಗೆ ಶಹಬ್ಬಾಸ್ ಹೇಳಿ ಉಳಿದದ್ದನ್ನು ಡಬ್ಬಿಗೆ ಹಾಕುತ್ತೇವೆ.

ಪೆನ್ಸಿಲಿನನ್ನು 1928ರಲ್ಲಿ ಕಂಡುಹಿಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್. 1945ರ ಡಿಸೆಂಬರ್‌ನಲ್ಲಿ ನೊಬೆಲ್ ಉಪನ್ಯಾಸ ಕೊಡುವಾಗ ಅವರು ಒಂದು ಕಲ್ಪಿತ ಕಥೆ ಹೇಳಿದರು. ಗಂಟಲು ನೋವು ಬಂದ ಒಬ್ಬಾತ ತಾನೇ ಪೆನ್ಸಿಲಿನ್ ಕೊಂಡು ತಂದು ಸ್ವಲ್ಪ ಮಾತ್ರ ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯುವಷ್ಟು ಅಲ್ಲ, ಔಷಧಿಯನ್ನು ಎದುರಿಸಲು ಕಲಿಯುವಷ್ಟು. ಅದೇ ರೋಗಾಣು ಅವನಿಂದ ಹೆಂಡತಿಗೆ ದಾಟುತ್ತದೆ. ಅವಳಿಗೆ ನ್ಯುಮೋನಿಯಾ ಆಗುತ್ತದೆ. ಡಾಕ್ಟರು ಪೆನ್ಸಿಲಿನ್ ಕೊಟ್ಟರೂ ಅದು ನಾಟುವುದಿಲ್ಲ. ಅವಳು ತೀರಿಕೊಳ್ಳುತ್ತಾಳೆ. ಅವಳ ಸಾವಿಗೆ ಯಾರು ಹೊಣೆ ಎಂದು ಫ್ಲೆಮಿಂಗ್ ಕೇಳಿದರು. ಔಷಧಿ ಕಂಡುಹಿಡಿದು ಪ್ರಶಸ್ತಿ ಪಡೆಯುತ್ತಿದ್ದವರೇ ಅದೇ ವೇದಿಕೆಯಲ್ಲಿ ಕೊಟ್ಟ ಎಚ್ಚರಿಕೆ ಇದು.

ಆ ಎಚ್ಚರಿಕೆ ಸುಳ್ಳಾಗಲಿಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದ ಸೋಂಕಿನಿಂದಲೇ 2019ರ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ.

ಜೇನಿನ ಹದೀಸ್ ಕಲಿಸುವ ಪಾಠ

ಬುಖಾರಿ, ಮುಸ್ಲಿಂ ಎರಡರಲ್ಲೂ ಇರುವ ಒಂದು ಘಟನೆ ನಮಗೆಲ್ಲ ಗೊತ್ತು. ತನ್ನ ಸಹೋದರನಿಗೆ ಹೊಟ್ಟೆ ಕೆಟ್ಟಿದೆ ಎಂದು ಒಬ್ಬರು ಪ್ರವಾದಿ (ಸ) ಅವರ ಬಳಿ ಬಂದರು. ಜೇನು ಕುಡಿಸಲು ಹೇಳಲಾಯಿತು. ಗುಣವಾಗಲಿಲ್ಲ ಎಂದು ಅವರು ಮತ್ತೆ ಮತ್ತೆ ಬಂದಾಗಲೂ ಜೇನನ್ನೇ ಮುಂದುವರಿಸಲು ಹೇಳಲಾಯಿತು. ಕೊನೆಗೆ ಗುಣವಾಯಿತು. ನಾವು ಇದನ್ನು ಜೇನಿನ ಮಹತ್ವ ಹೇಳಲು ಮಾತ್ರ ಬಳಸುತ್ತೇವೆ. ಆದರೆ ಇಬ್ನುಲ್ ಖಯ್ಯಿಂ ಅವರು ಇದರಲ್ಲಿ ಇನ್ನೊಂದು ಪಾಠ ಕಂಡರು. ಔಷಧಿಗೆ ರೋಗಕ್ಕೆ ತಕ್ಕ ಅಳತೆ ಇದೆ, ಕಡಿಮೆಯಾದರೆ ರೋಗ ಹೋಗದು, ಹೆಚ್ಚಾದರೆ ದೇಹದ ಶಕ್ತಿ ಕುಗ್ಗುತ್ತದೆ ಎಂಬುದು ಅವರ ವಿವರಣೆಯ ಸಾರ.

ಇಂದಿನ ಡಾಕ್ಟರು ಚೀಟಿಯಲ್ಲಿ ಬರೆಯುವುದೂ ಅದನ್ನೇ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ. ಈ ಮೂರರಲ್ಲಿ ಯಾವುದನ್ನೂ ನಾವು ತಿದ್ದಬಾರದು. ಎರಡೇ ದಿನಕ್ಕೆ ಜ್ವರ ಇಳಿಯಿತೆಂದು ನಿಲ್ಲಿಸುವುದು ಒಂದು ತಪ್ಪು. ಒಳ್ಳೆಯದಾಗಲಿ ಎಂದು ಇನ್ನೆರಡು ದಿನ ಸೇರಿಸಿ ತಿನ್ನುವುದು ಇನ್ನೊಂದು ತಪ್ಪು. ಕೆಲವು ರೋಗಗಳಿಗೆ ಈಗ ಮೊದಲಿಗಿಂತ ಕಡಿಮೆ ದಿನವೇ ಸಾಕು ಎಂದು ಡಾಕ್ಟರು ಬರೆಯುತ್ತಾರೆ. "ಹೋದ ಸಲ ಏಳು ದಿನ ಕೊಟ್ಟಿದ್ದರು, ಈ ಸಲ ಮೂರೇ ದಿನ ಯಾಕೆ?" ಎಂದು ಅನುಮಾನ ಬಂದರೆ ಅವರನ್ನೇ ಕೇಳಿ.

ಜೇನು, ಕರಿಜೀರಿಗೆ ನಮ್ಮ ಮನೆಗಳಲ್ಲಿ ಇದ್ದೇ ಇವೆ. ಇರಲಿ. ಆದರೆ ಅವುಗಳ ಭರವಸೆಯಲ್ಲಿ ಡಾಕ್ಟರ ಮಾತ್ರೆ ಬಿಡಬೇಡಿ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೂಬೇಡಿ ಎಂದು ಮಕ್ಕಳ ಡಾಕ್ಟರುಗಳು ಹೇಳುತ್ತಾರೆ.

ವಖ್ತು ನೋಡಬೇಡಿ, ಗಡಿಯಾರ ನೋಡಿ

ನಮ್ಮಲ್ಲಿ ಹಿರಿಯರು ಔಷಧಿಯ ಹೊತ್ತನ್ನು ನಮಾಝಿನ ಜೊತೆ ಕಟ್ಟಿಕೊಳ್ಳುತ್ತಾರೆ. ಮರೆಯದಿರಲು ಅದು ಒಳ್ಳೆಯ ಉಪಾಯ. ಆದರೆ ಐದು ವಖ್ತುಗಳ ನಡುವಿನ ಅಂತರ ಸಮನಾಗಿಲ್ಲ. ದಿನಕ್ಕೆ ಮೂರು ಸಲ ಎಂದಿದ್ದನ್ನು ಅಸರ್, ಮಗ್ರಿಬ್, ಇಶಾ ಎಂದು ಇಟ್ಟುಕೊಂಡರೆ ಮೂರೂ ಮಾತ್ರೆ ನಾಲ್ಕೈದು ಗಂಟೆಯೊಳಗೆ ಹೊಟ್ಟೆ ಸೇರುತ್ತವೆ. ಉಳಿದ ಹತ್ತೊಂಬತ್ತು ಗಂಟೆ ರೋಗಾಣುವಿಗೆ ಬಿಡುವು.

ಇನ್ನೊಂದು ವಿಷಯ ಭಾಲ್ಕಿಗೆ ಬಂದವರಿಗೆ ಬೇಗ ತಿಳಿಯುತ್ತದೆ. ಊರಿನಲ್ಲಿ ನಾವು ಶಾಫಿಈ ಲೆಕ್ಕದಲ್ಲಿ ಅಸರ್ ನಮಾಝ್ ಮಾಡುತ್ತೇವೆ. ಇಲ್ಲಿನ ಮಸೀದಿಗಳಲ್ಲಿ ಹನಫಿ ಲೆಕ್ಕ. ಅಸರ್ ಸುಮಾರು ಒಂದು ಗಂಟೆ ತಡ. "ಅಸರ್ ಬಳಿಕ ಒಂದು ಮಾತ್ರೆ" ಎಂದರೆ ಮಂಗಳೂರಿನಲ್ಲಿ ಒಂದು ಹೊತ್ತು, ಭಾಲ್ಕಿಯಲ್ಲಿ ಇನ್ನೊಂದು ಹೊತ್ತು. ಗಡಿಯಾರ ಮಾತ್ರ ಎರಡೂ ಕಡೆ ಒಂದೇ.

ಎರಡು ಸಲ ಎಂದರೆ 12 ಗಂಟೆಗೊಮ್ಮೆ: ಬೆಳಗ್ಗೆ 8, ರಾತ್ರಿ 8. ಮೂರು ಸಲ ಎಂದರೆ ಸಾಧ್ಯವಾದಷ್ಟು 8 ಗಂಟೆಗೊಮ್ಮೆ: ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಯಾವ ಕಾರಣಕ್ಕೂ ಎರಡನ್ನು ಒಟ್ಟಿಗೆ ನುಂಗಬೇಡಿ. ತಪ್ಪಿದ ನಮಾಝಿಗೆ ಖಳಾ ಇದೆ, ತಪ್ಪಿದ ಮಾತ್ರೆಗೆ ಇಲ್ಲ.

ನೀರು, ಹಾಲು, ಹೊಟ್ಟೆ

ಕೆಲವು ಮಾತ್ರೆ ಊಟದ ಮೊದಲು, ಕೆಲವು ಊಟದ ನಂತರ. ಡಾಕ್ಟರ ಬಳಿ ಕೇಳಲು ಮರೆತರೆ ಅಂಗಡಿಯ ಫಾರ್ಮಸಿಸ್ಟ್ ಬಳಿ ಕೇಳಿ, ಹೇಳುವುದು ಅವರ ಕೆಲಸ. ಮಾತ್ರೆ ನುಂಗಲು ಬರೇ ನೀರೇ ಉತ್ತಮ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧಿಗಳು ಹಾಲು, ಮೊಸರು, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಗ್ಯಾಸ್‌ನ ಔಷಧಿಗಳ ಜೊತೆ ಸೇರಿದರೆ ಹೊಟ್ಟೆಯಲ್ಲೇ ಕಟ್ಟಿಕೊಳ್ಳುತ್ತವೆ, ರಕ್ತಕ್ಕೆ ಪೂರ್ತಿ ಸೇರುವುದಿಲ್ಲ. ಇವುಗಳ ನಡುವೆ ಎಷ್ಟು ಗಂಟೆ ಬಿಡಬೇಕು ಎಂದು ಕೇಳಿಕೊಳ್ಳಿ. ಡಾಕ್ಸಿಸೈಕ್ಲಿನ್ ನುಂಗಿದ ಮೇಲೆ ಒಂದು ಲೋಟ ತುಂಬ ನೀರು ಕುಡಿದು ಅರ್ಧ ಗಂಟೆಯಾದರೂ ಮಲಗದೆ ಕೂತಿರಬೇಕು. ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡುತ್ತದೆ.

ಶುಗರ್ ಇರುವ ಹಿರಿಯರು ನಮ್ಮಲ್ಲಿ ಬಹಳ. ಕೆಲವು ಆ್ಯಂಟಿಬಯೋಟಿಕ್‌ಗಳು ಶುಗರ್ ಮಾತ್ರೆಯ ಜೊತೆ ಸೇರಿ ಸಕ್ಕರೆಯನ್ನು ಏಕಾಏಕಿ ಇಳಿಸಬಲ್ಲವು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೂ ಎಚ್ಚರಿಕೆ ಬೇಕು. ಆದುದರಿಂದ ಡಾಕ್ಟರ ಎದುರು ಕೂತಾಗ ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳನ್ನೂ ತೋರಿಸಿ. ಕಿಡ್ನಿ ತೊಂದರೆ, ಗರ್ಭ, ಮಗುವಿಗೆ ಹಾಲುಣಿಸುವುದು, ಹಿಂದೆ ಯಾವುದಾದರೂ ಔಷಧಿಗೆ ಮೈಯೆಲ್ಲ ತುರಿಸಿದ್ದು, ಇವನ್ನು ಅವರು ಕೇಳುವ ಮೊದಲೇ ಹೇಳಿ. ಗಂಡನ ಜೊತೆ ಬಂದ ಹೆಣ್ಣುಮಕ್ಕಳು ಸಂಕೋಚದಿಂದ ಗರ್ಭದ ವಿಷಯ ಮುಚ್ಚಿಡುವುದುಂಟು. ಇಲ್ಲಿ ಸಂಕೋಚ ಬೇಡ.

ಮಕ್ಕಳ ಬಾಟ್ಲಿ

ಮಕ್ಕಳ ಆ್ಯಂಟಿಬಯೋಟಿಕ್ ಹೆಚ್ಚಾಗಿ ಬಾಟ್ಲಿಯಲ್ಲಿ ಪುಡಿಯಾಗಿ ಬರುತ್ತದೆ. ಕುದಿಸಿ ಆರಿಸಿದ ನೀರನ್ನು ಬಾಟ್ಲಿಯ ಗುರುತಿನವರೆಗೆ ಹಾಕಿ ಚೆನ್ನಾಗಿ ಕುಲುಕಬೇಕು. ನೊರೆ ಇಳಿದ ಮೇಲೆ ಮಟ್ಟ ಕಡಿಮೆ ಇದ್ದರೆ ಗುರುತಿಗೆ ಸರಿಯಾಗಿ ಮತ್ತೆ ನೀರು ತುಂಬಿಸಬೇಕು. ನೀರು ಹೆಚ್ಚಾದರೆ ಔಷಧಿ ನೀರಾಯಿತು, ಕಡಿಮೆಯಾದರೆ ಗಟ್ಟಿಯಾಯಿತು. ಎರಡರಲ್ಲೂ ಅಳತೆ ಕೆಟ್ಟಿತು. ಪ್ರತಿ ಸಲ ಕೊಡುವ ಮೊದಲು ಕುಲುಕಿ. ಅಡುಗೆಮನೆಯ ಚಮಚ ಬೇಡ. ಒಂದು ಮನೆಯ ಚಮಚದ ಹಾಗೆ ಇನ್ನೊಂದು ಮನೆಯದ್ದಿಲ್ಲ. ಬಾಟ್ಲಿಯ ಜೊತೆ ಕೊಡುವ, ಮಿಲಿ ಬರೆದ ಮುಚ್ಚಳದಲ್ಲೇ ಅಳೆಯಿರಿ.

ನೀರು ಬೆರೆಸಿದ ಔಷಧಿ ಎಷ್ಟು ದಿನ ಬಾಳುತ್ತದೆ, ಫ್ರಿಜ್‌ನಲ್ಲಿಡಬೇಕೆ ಎಂಬುದು ಲೇಬಲ್‌ನಲ್ಲಿ ಇರುತ್ತದೆ. ಹಲವು ಔಷಧಿಗಳಿಗೆ ಒಂದೇ ವಾರದ ಆಯುಷ್ಯ. ಹೋದ ತಿಂಗಳು ಅಣ್ಣನಿಗೆ ತಂದ ಬಾಟ್ಲಿಯನ್ನು ಈ ತಿಂಗಳು ತಂಗಿಗೆ ಕೊಡುವುದರಲ್ಲಿ ಎರಡು ತಪ್ಪಿದೆ. ಔಷಧಿ ಕೆಟ್ಟಿರುತ್ತದೆ. ಮಕ್ಕಳ ಅಳತೆಯನ್ನು ಡಾಕ್ಟರು ತೂಕ ನೋಡಿ ಲೆಕ್ಕ ಹಾಕುವುದರಿಂದ ಅದು ತಂಗಿಗೆ ಹೊಂದುವುದೂ ಇಲ್ಲ.

ಮದ್ರಸದ ಹುಡುಗರಲ್ಲೂ ಇದನ್ನು ನೋಡಿದ್ದೇನೆ. ಗೆಳೆಯನಿಗೆ ಗಂಟಲು ನೋವೆಂದು ಮನೆಯಿಂದ ತನ್ನ ಹಳೆಯ ಸ್ಟ್ರಿಪ್‌ನ ಎರಡು ಮಾತ್ರೆ ಚೀಲದಲ್ಲಿ ತರುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ವೈದ್ಯ ತಿಳಿಯದೆ ವೈದ್ಯ ಮಾಡಿದವನು ಅದರಿಂದಾದ ಹಾನಿಗೆ ಹೊಣೆಗಾರ ಎಂಬುದು ಫಿಕ್ಹ್‌ನ ನಿಯಮ. ಹಂಚಿ ತಿನ್ನಬೇಕಾದದ್ದು ಬಿರಿಯಾನಿ, ಆ್ಯಂಟಿಬಯೋಟಿಕ್ ಅಲ್ಲ.

ಕ್ಯಾಪ್ಸೂಲ್ ಬಿಚ್ಚಬೇಡಿ

ಕ್ಯಾಪ್ಸೂಲಿನ ಸಿಪ್ಪೆ ಪ್ರಾಣಿಜನ್ಯ ಜಿಲೆಟಿನ್‌ನದ್ದು ಎಂದು ಕೇಳಿ ಕೆಲವರು ಅದನ್ನು ಬಿಚ್ಚಿ ಪುಡಿಯನ್ನು ನೀರಿಗೆ ಹಾಕಿ ಕುಡಿಯುತ್ತಾರೆ. ಕಾಳಜಿ ಸರಿ, ದಾರಿ ಸರಿಯಲ್ಲ. ಕೆಲವು ಕ್ಯಾಪ್ಸೂಲುಗಳನ್ನು ನಿಧಾನವಾಗಿ ಕರಗಲೆಂದೇ ಹಾಗೆ ಮಾಡಿರುತ್ತಾರೆ. ಬಿಚ್ಚಿದರೆ ಆ ಕೆಲಸ ಕೆಡುತ್ತದೆ. ಬದಲಿಗೆ ಚೀಟಿ ಬರೆಯುವಾಗಲೇ "ಇದೇ ಔಷಧಿ ಮಾತ್ರೆಯಲ್ಲಿ ಸಿಗುತ್ತದಾ ಡಾಕ್ಟರೇ?" ಎಂದು ಕೇಳಿ. ಎಷ್ಟೋ ಔಷಧಿಗಳು ಮಾತ್ರೆಯಾಗಿಯೂ ಸಿರಪ್ ಆಗಿಯೂ ಇವೆ. ಪರ್ಯಾಯವೇ ಇಲ್ಲ, ಔಷಧಿ ಅಗತ್ಯ ಎಂದು ನಂಬಿಕಸ್ಥ ವೈದ್ಯರು ಹೇಳಿದಾಗ ಉಲಮಾಗಳು ರಿಯಾಯಿತಿ ಹೇಳಿದ್ದಾರೆ. ನಿಮ್ಮ ಖತೀಬರ ಬಳಿ ವಿಚಾರಿಸಿ ಸಮಾಧಾನ ಮಾಡಿಕೊಳ್ಳಿ.

ರಮಝಾನಿನಲ್ಲಿ

ಉಪವಾಸದ ತಿಂಗಳಲ್ಲಿ ಹೆಚ್ಚು ಕೆಡುವುದು ಮೂರು ಹೊತ್ತಿನ ಔಷಧಿ. ಮಧ್ಯಾಹ್ನದ್ದನ್ನು ಬಿಟ್ಟು ಅತ್ತಾಳಕ್ಕೆ ಎರಡು ಮಾತ್ರೆ ಒಟ್ಟಿಗೆ ನುಂಗುವವರಿದ್ದಾರೆ. ಹಾಗೆ ಮಾಡಬೇಡಿ. ಉಪವಾಸವಿದ್ದೇನೆ ಎಂದು ಡಾಕ್ಟರಿಗೆ ತಿಳಿಸಿ. ದಿನಕ್ಕೆ ಒಂದೋ ಎರಡೋ ಸಲ ತೆಗೆದುಕೊಳ್ಳುವ ಔಷಧಿ ಅದೇ ರೋಗಕ್ಕೆ ಹೊಂದುವುದಾದರೆ ಅವರು ಬದಲಿಸಿ ಕೊಡಬಹುದು. ಹಾಗಾಗದಿದ್ದರೆ, ಉಪವಾಸದಿಂದ ರೋಗ ಹೆಚ್ಚುವ ಭಯವಿದ್ದರೆ, ರೋಗಿಗೆ ಉಪವಾಸ ಬಿಟ್ಟು ಗುಣವಾದ ಮೇಲೆ ಖಳಾ ವೀಟುವ ಅನುಮತಿಯನ್ನು ಅಲ್ಲಾಹನೇ ಖುರ್‌ಆನಿನಲ್ಲಿ ಕೊಟ್ಟಿದ್ದಾನೆ. ಅವನು ಕೊಟ್ಟ ರಿಯಾಯಿತಿಯನ್ನು ಬೇಡ ಎನ್ನುವುದು ತಖ್ವಾ ಅಲ್ಲ.

ಯಾವಾಗ ಆಸ್ಪತ್ರೆಗೆ ಓಡಬೇಕು

ಸ್ವಲ್ಪ ವಾಕರಿಕೆ, ತೆಳುವಾದ ಬೇಧಿ ಆಗಬಹುದು. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಏಟು ಬೀಳುವುದೇ ಇದಕ್ಕೆ ಕಾರಣ. ನೀರು, ಗಂಜಿ, ಓಆರ್‌ಎಸ್ ಕುಡಿಯುತ್ತಿರಿ. ಆದರೆ ಬೇಧಿ ಜೋರಾದರೆ, ಅದರಲ್ಲಿ ರಕ್ತ ಕಂಡರೆ, ಬೇಧಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿ ತಿನ್ನದೆ ಡಾಕ್ಟರಿಗೆ ತೋರಿಸಿ. ಮಾತ್ರೆ ತಿಂದ ಮೇಲೆ ಮೈಯಲ್ಲಿ ದಡ್ಡು ಎದ್ದರೆ ಮುಂದಿನ ಹೊತ್ತಿನದನ್ನು ತಿನ್ನುವ ಮೊದಲು ಡಾಕ್ಟರನ್ನು ಕೇಳಿ. ತುಟಿ, ಮುಖ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆತಿರುಗಿ ಬಿದ್ದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಅಂಥ ಅಲರ್ಜಿ ಆದವರು ಆ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆಸಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಬೇಕು.

ಗುಣ ಕಾಣದಿದ್ದಾಗ ತಾಳ್ಮೆಯೂ ಬೇಕು, ಎಚ್ಚರಿಕೆಯೂ ಬೇಕು. ಟೈಫಾಯ್ಡ್‌ನಲ್ಲಿ ಸರಿಯಾದ ಔಷಧಿ ಶುರುವಾದರೂ ಜ್ವರ ಇಳಿಯಲು ಸಾಮಾನ್ಯವಾಗಿ 3ರಿಂದ 5 ದಿನ ಹಿಡಿಯುತ್ತದೆ. ಎರಡನೇ ದಿನವೇ ಬೇರೆ ಡಾಕ್ಟರು, ಬೇರೆ ಮಾತ್ರೆ ಎಂದು ಓಡಾಡಿದರೆ ಯಾವುದೂ ನೆಟ್ಟಗಾಗದು. ಎರಡು ಮೂರು ದಿನದಲ್ಲಿ ಏನೂ ಸುಧಾರಣೆ ಇಲ್ಲದಿದ್ದರೆ, ಅಥವಾ ಸ್ಥಿತಿ ಕೆಡುತ್ತಾ ಹೋದರೆ, ಔಷಧಿ ಕೊಟ್ಟ ಡಾಕ್ಟರ ಬಳಿಯೇ ಹಿಂದಿರುಗಿ. ಎರಡು ವಾರ ದಾಟಿದ ಕೆಮ್ಮಿಗೆ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ತಿನ್ನಲೇಬೇಡಿ. ಅದು ಕ್ಷಯವಾಗಿದ್ದರೆ ಕೆಲವು ಆ್ಯಂಟಿಬಯೋಟಿಕ್‌ಗಳು ಅದನ್ನು ಸ್ವಲ್ಪ ದಿನ ಮರೆಮಾಡಿ ಮತ್ತೆ ಎದ್ದು ಬರುವಂತೆ ಮಾಡುತ್ತವೆ. ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಕ್ಷಯದ ಔಷಧಿಯೂ ಉಚಿತ.

ದುಡ್ಡಿನ ಮಾತನ್ನೂ ಹೇಳಬೇಕು. ಭಾಲ್ಕಿ, ಔರಾದ್ ಕಡೆಯ ಹಳ್ಳಿಯ ಕೂಲಿಯವರಿಗೆ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಎರಡು ದಿನದ ಮಾತ್ರೆ ಸಾಕು ಎನ್ನುವುದು ಹಠದಿಂದಲ್ಲ, ಕಿಸೆ ನೋಡಿ. ಆದರೆ ಅರ್ಧ ಔಷಧಿ ತಿಂದು ರೋಗ ಮರುಕಳಿಸಿದರೆ ಕೂಲಿಯೂ ಎರಡು ಸಲ, ಖರ್ಚೂ ಎರಡು ಸಲ. ಪೂರ್ತಿ ಕೊಳ್ಳಲು ಹಣವಿಲ್ಲ ಎಂದು ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿದರೆ ಕಡಿಮೆ ಬೆಲೆಯ ಜೆನೆರಿಕ್ ಬರೆಯಬಹುದು.

ಕೆಂಪು ಗೆರೆ ಮತ್ತು ಪಟಾನ್‌ಚೆರುವಿನ ನೀರು

ಮಾತ್ರೆಯ ಸ್ಟ್ರಿಪ್‌ನ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ. 2016ರಲ್ಲಿ ಕೇಂದ್ರ ಸರಕಾರ ಈ ಗುರುತಿನ ಬಗ್ಗೆ ಪ್ರಚಾರ ಶುರು ಮಾಡಿತು. ಅದಕ್ಕೂ ಮೊದಲು, 2014ರ ಮಾರ್ಚ್ 1ರಿಂದ, ಎಚ್1 ಎಂಬ ಪಟ್ಟಿಯಲ್ಲಿರುವ ಪ್ರಬಲ ಆ್ಯಂಟಿಬಯೋಟಿಕ್‌ಗಳನ್ನು ಮಾರುವಾಗ ರೋಗಿಯ ಹೆಸರು, ಡಾಕ್ಟರ ಹೆಸರು, ಕೊಟ್ಟ ಪ್ರಮಾಣವನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕೆಂಬ ನಿಯಮ ಬಂದಿದೆ. ಕೇರಳ 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ತಪಾಸಣೆ ಬಿಗಿ ಮಾಡಿತು. ಕಾಸರಗೋಡು, ಮಂಜೇಶ್ವರದ ನಮ್ಮ ಬಂಧುಗಳನ್ನು ಕೇಳಿದರೆ ಅವರೇ ಹೇಳಿಯಾರು. ಚೀಟಿ ಕೇಳುವ ಅಂಗಡಿಯವನ ಮೇಲೆ ರೇಗಬೇಡಿ. ಅವನು ನಮ್ಮ ಮನೆಗೆ ಉಪಕಾರ ಮಾಡುತ್ತಿದ್ದಾನೆ.

ಡಾಕ್ಟರೇ ಔಷಧಿ ಬದಲಿಸಿದ್ದರಿಂದ ಮಾತ್ರೆ ಉಳಿದರೆ ಏನು ಮಾಡಬೇಕು? ಬಚ್ಚಲಿಗೆ, ಬಾವಿಯ ಬದಿಗೆ, ತೋಡಿಗೆ ಎಸೆಯಬೇಡಿ. ಬೀದರ್‌ನಿಂದ ಜಹೀರಾಬಾದ್ ಮೇಲೆ ಹೈದರಾಬಾದಿಗೆ ಹೋಗುವ ಬಸ್ಸು ಪಟಾನ್‌ಚೆರು ದಾಟಿ ಹೋಗುತ್ತದೆ. ಔಷಧಿ ಕಾರ್ಖಾನೆಗಳ ಆ ಊರಿನಲ್ಲಿ ತ್ಯಾಜ್ಯ ಶುದ್ಧೀಕರಣ ಘಟಕದಿಂದ ಹೊರಬಂದ ನೀರನ್ನು ಸ್ವೀಡನ್‌ನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತು. ಚಿಕಿತ್ಸೆಯಲ್ಲಿರುವ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಅದು ಹೆಚ್ಚು. ಅಂಥ ನೀರಿನಲ್ಲಿ ಬದುಕಲು ಕಲಿತ ಬ್ಯಾಕ್ಟೀರಿಯಾಕ್ಕೆ ನಮ್ಮ 500 ಮಿಲಿಗ್ರಾಂ ಮಾತ್ರೆ ಏನು ಲೆಕ್ಕ? ಕಾರ್ಖಾನೆಯ ಮಾತು ದೊಡ್ಡದು, ನಮ್ಮ ಬಚ್ಚಲು ಸಣ್ಣದು. ಆದರೂ ನಮ್ಮ ಪಾಲನ್ನು ನಾವು ಸೇರಿಸದಿರೋಣ. ಉಳಿದ ಮಾತ್ರೆಯನ್ನು ಮೊದಲು ಆಸ್ಪತ್ರೆಯಲ್ಲೋ ಮೆಡಿಕಲ್‌ನಲ್ಲೋ ಹಿಂದೆ ತೆಗೆದುಕೊಳ್ಳುತ್ತಾರಾ ಎಂದು ಕೇಳಿ. ಇಲ್ಲವಾದರೆ ಬಳಸಿದ ಚಹಾಪುಡಿಯ ಜೊತೆ ಬೆರೆಸಿ, ಕವರಿನಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಕಸದ ಗಾಡಿಗೆ ಕೊಡಿ.

ಜಮಾಅತ್ ಏನು ಮಾಡಬಹುದು

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಜುಮಾದ ದಿನ ಐದು ನಿಮಿಷ ಇದನ್ನು ಹೇಳಬಹುದು. ನವೆಂಬರ್ 18ರಿಂದ 24ರವರೆಗೆ ಜಗತ್ತಿನಾದ್ಯಂತ ಈ ವಿಷಯದ ಜಾಗೃತಿ ಸಪ್ತಾಹ ನಡೆಯುತ್ತದೆ. ಆ ವಾರ ಒಬ್ಬ ಡಾಕ್ಟರನ್ನು ಮದ್ರಸಕ್ಕೆ ಕರೆಸಿ ತಾಯಂದಿರ ಪ್ರಶ್ನೆಗೆ ಉತ್ತರ ಕೊಡಿಸಬಹುದು. ಮದ್ರಸದ ದೊಡ್ಡ ಮಕ್ಕಳಿಗೆ ಔಷಧಿಯ ಲೇಬಲ್ ಓದಿ ಅಜ್ಜಿಗೆ ಹೇಳಿಕೊಡುವುದನ್ನು ಕಲಿಸಬಹುದು. ಬಡ ರೋಗಿಗೆ ನೆರವು ಕೊಡುವ ಕಮಿಟಿಗಳು ಅರ್ಧ ಔಷಧಿಗೆ ದುಡ್ಡು ಕೊಡುವ ಬದಲು ಚೀಟಿಯಲ್ಲಿರುವಷ್ಟನ್ನೂ ತಾವೇ ಕೊಡಿಸಬಹುದು.

ದೇಹ ಅಲ್ಲಾಹನು ಕೊಟ್ಟ ಅಮಾನತ್ತು ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ಕೆಲಸ ಮಾಡುವ ಔಷಧಿಯೂ ಒಂದು ಅಮಾನತ್ತು. ನಮ್ಮ ಹಿರಿಯರ ಕಾಲದಲ್ಲಿ ಜೀವ ಉಳಿಸಿದ ಮಾತ್ರೆ ನಮ್ಮ ಮೊಮ್ಮಕ್ಕಳ ಕಾಲದಲ್ಲೂ ಜೀವ ಉಳಿಸಬೇಕಾದರೆ ಇಂದು ಅದನ್ನು ಅಳತೆ ಮೀರದೆ, ಅಳತೆ ತಪ್ಪದೆ ಬಳಸಬೇಕು. ಇಂದು ರಾತ್ರಿ ಆ ಬಿಸ್ಕತ್ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ, ಬೇಡದ್ದನ್ನು ಬೇರೆ ಮಾಡಿ. ನಮ್ಮ ಮನೆಗಳ ಎಲ್ಲ ರೋಗಿಗಳಿಗೂ ಅಲ್ಲಾಹನು ಪೂರ್ಣ ಶಿಫಾ ಕರುಣಿಸಲಿ. ಆಮೀನ್.